ಮಾತು ಕಡಿಮೆಯಿದ್ದ ಕ್ಯಾಸೆಟ್ಟು

1998ರ ಚಳಿಗಾಲ. ದೆಹಲಿಯ ಲಕ್ಷ್ಮೀನಗರದಲ್ಲಿ ಒಂದು ಬರ್ಸಾತಿ, ಅಂದರೆ ತಾರಸಿ ಮೇಲಿನ ಒಂಟಿ ಕೋಣೆ. ಅದರಲ್ಲಿ ನಾವು ಮೂವರು: ಪಟ್ನಾದವನೊಬ್ಬ, ಅಲ್ಮೋರಾದವನೊಬ್ಬ, ಚನ್ನರಾಯಪಟ್ಟಣದ ನಾನು. ನನ್ನ ಹಿಂದಿ ಎಸ್ಸೆಸ್ಸೆಲ್ಸಿಯ ಮೂರನೇ ಭಾಷೆಯ ಹಿಂದಿ. ಬಸ್ಸು ಗಂಡೋ ಹೆಣ್ಣೋ ಎಂದು ಯೋಚಿಸುವಷ್ಟರಲ್ಲಿ ನನ್ನ ಸ್ಟಾಪು ದಾಟಿಹೋಗಿರುತ್ತಿತ್ತು. ಬಾಯಿ ತೆರೆದರೆ ಯಾರಾದರೂ ನಗುತ್ತಿದ್ದರು. ಹಾಗಾಗಿ ನಾನು ಬಾಯಿ ತೆರೆಯುವುದನ್ನೇ ಕಡಿಮೆ ಮಾಡಿದ್ದೆ. ವಾರಕ್ಕೊಮ್ಮೆ, ರಾತ್ರಿ ಹನ್ನೊಂದರ ಮೇಲೆ ದರ ಇಳಿದಾಗ, ಎಸ್‌ಟಿಡಿ ಬೂತಿನಲ್ಲಿ ನಿಂತು ಅಮ್ಮನ ಹತ್ತಿರ ಕನ್ನಡ ಮಾತಾಡುತ್ತಿದ್ದೆ. ಕಣ್ಣು ಮಾತ್ರ ಮೀಟರಿನ ಮೇಲೇ.

ಒಂದು ಸಂಜೆ ಅಲ್ಮೋರಾದವನು ಒಂದು ಕ್ಯಾಸೆಟ್ಟು ತಂದ. ‘ಇಂಡಿಯನ್ ಓಷನ್’ ಎಂಬ ದೆಹಲಿಯದೇ ಬ್ಯಾಂಡಿನ ಎರಡನೇ ಆಲ್ಬಮ್, ‘ಡೆಸರ್ಟ್ ರೇನ್’. ಈ ಬ್ಯಾಂಡು ಶುರುವಾಗಿದ್ದು ಇಬ್ಬರಿಂದ: ಗಿಟಾರಿನ ಸುಷ್ಮಿತ್ ಸೇನ್, ತಬಲಾ ನುಡಿಸುತ್ತಲೇ ಹಾಡುತ್ತಿದ್ದ ಅಶೀಮ್ ಚಕ್ರವರ್ತಿ. ಆಮೇಲೆ ಬೇಸ್ ಗಿಟಾರಿಗೆ ರಾಹುಲ್ ರಾಮ್, ಡ್ರಮ್ಸಿಗೆ ಅಮಿತ್ ಕಿಲಮ್ ಬಂದು ಸೇರಿಕೊಂಡರು. ‘ಡೆಸರ್ಟ್ ರೇನ್’ ಸ್ಟುಡಿಯೋದಲ್ಲಿ ಮಾಡಿದ್ದಲ್ಲ. 1997ರಲ್ಲಿ ‘ಸಹಮತ್’ ಸಂಸ್ಥೆಯ ಕಾರ್ಯಕ್ರಮದಲ್ಲಿ ನುಡಿಸಿದ್ದನ್ನೇ ಮುದ್ರಿಸಿಕೊಂಡಿದ್ದು. ಬೀದಿ ನಾಟಕದ ಸಫ್ದರ್ ಹಶ್ಮಿ ಅವರ ನೆನಪಿಗೆ ಹುಟ್ಟಿದ ಸಂಸ್ಥೆ ಅದು. 1989ರ ಜನವರಿ 1ರಂದು, ದೆಹಲಿಯಂಚಿನ ಸಾಹಿಬಾಬಾದ್‌ನಲ್ಲಿ, ನಾಟಕ ನಡೆಯುತ್ತಿರುವಾಗಲೇ ಅವರ ಮೇಲೆ ದಾಳಿಯಾಗಿತ್ತು. ಇದೆಲ್ಲ ನನಗೆ ಆಗ ಗೊತ್ತಿರಲಿಲ್ಲ. ಟೇಪ್‌ರೆಕಾರ್ಡರಿನಲ್ಲಿ ಕ್ಯಾಸೆಟ್ಟು ತಿರುಗಿತು, ಅಷ್ಟೆ.

ಮೊದಲು ಕಿವಿಗೆ ಬಿದ್ದಿದ್ದು ಬೇಸ್. ನಮ್ಮ ಕಚೇರಿಯಲ್ಲಿ ತಂಬೂರಿ ಹಿಂದೆ ಕೂತು ಶ್ರುತಿ ಹಿಡಿಯುವ ಹಾಗಲ್ಲ ಇದು. ಫಂಕ್ ಸಂಗೀತದಲ್ಲಿ ಬೇಸ್ ಹಿಂದೆ ಕೂರುವುದಿಲ್ಲ, ಎಲ್ಲರಿಗಿಂತ ಮುಂದೆ ಹೆಜ್ಜೆ ಹಾಕುತ್ತದೆ. ಎಲ್ಲಿ ನುಡಿಸಬೇಕು ಅನ್ನುವಷ್ಟೇ ಎಲ್ಲಿ ಬಿಡಬೇಕು ಅನ್ನುವುದೂ ಅದರ ಲೆಕ್ಕ. ಇಲ್ಲಿ ಆ ನಡಿಗೆಯ ಮೇಲೆ ಅಶೀಮರ ತಬಲಾ ಇತ್ತು, ಸುಷ್ಮಿತರ ಗಿಟಾರು ಒಂದೇ ಷಡ್ಜದ ಸುತ್ತ ರಾಗದ ಹಾಗೆ ಸುತ್ತುತ್ತಿತ್ತು. ಮಾತು ಕಡಿಮೆ. ದನಿ ಬಂದರೂ ಬಹಳ ಕಡೆ ಆಲಾಪವಾಗಿ ಬರುತ್ತಿತ್ತು.

ನನ್ನನ್ನು ಹಿಡಿದಿದ್ದು ಅದೇ. ಆ ಊರಿನಲ್ಲಿ ನಾನು ಹಿಂದೆ ಬೀಳದ ಒಂದು ಜಾಗ ಸಿಕ್ಕಿತ್ತು. ಅಲ್ಮೋರಾದವನಿಗೆ ಎಷ್ಟು ಅರ್ಥವಾಗುತ್ತಿತ್ತೋ ನನಗೂ ಅಷ್ಟೇ. ಯಾರೂ ಯಾರಿಗೂ ಅನುವಾದ ಮಾಡಬೇಕಿರಲಿಲ್ಲ. ಅವರದೊಂದು ಹಾಡಿಗೆ ‘ಗೋಯಿಂಗ್ ಟು ಐಟಿಒ’ ಎಂದು ಹೆಸರಿದೆ ಎಂದು ಅವನು ಹೇಳಿದಾಗ ಜೋರಾಗಿ ನಕ್ಕುಬಿಟ್ಟೆ. ಐಟಿಒ ನಾನು ದಿನಾ ಬಸ್ಸು ಬದಲಿಸುವ ಚೌಕ. ಕಂಡಕ್ಟರು ಬಸ್ಸಿನ ತಗಡು ಬಡಿಯುತ್ತಾ ‘ಐಟಿಒ, ಐಟಿಒ’ ಎಂದು ಕೂಗುತ್ತಿದ್ದ. ನನಗೆ ಪೂರ್ತಿ ಅರ್ಥವಾಗುತ್ತಿದ್ದ ಹಿಂದಿ ಅದೊಂದೇ.

ಇಪ್ಪತ್ತು ವರ್ಷ ಕಳೆಯಿತು. ನೋಯ್ಡಾದಲ್ಲಿ ಮನೆಯಾಯಿತು, ಮಗಳು ಹುಟ್ಟಿದಳು. 2018ರಲ್ಲಿ ದೆಹಲಿ ವಿಶ್ವವಿದ್ಯಾಲಯದ ಸಸ್ಯವಿಜ್ಞಾನಿ ಎಚ್.ವೈ. ಮೋಹನ್ ರಾಮ್ ತೀರಿಕೊಂಡರು. ಇಂದಿರಾ ಗಾಂಧಿಯವರ ಮಾಧ್ಯಮ ಸಲಹೆಗಾರರಾಗಿದ್ದ, ಕಾರಂತರನ್ನು ಇಂಗ್ಲಿಷಿಗೆ ತಂದ ಎಚ್.ವೈ. ಶಾರದಾಪ್ರಸಾದರ ತಮ್ಮ. ಅವರ ಬಗ್ಗೆ ಓದುತ್ತಿದ್ದಾಗ ಒಂದು ಸಾಲಿನಲ್ಲಿ ನಿಂತೆ: ರಾಹುಲ್ ರಾಮ್ ಅವರ ಮಗ. ಅಂದರೆ ಆ ಬೇಸ್ ನುಡಿಸಿದವರ ತಾತ ಹೊಳೆನರಸೀಪುರದ ಯೋಗನರಸಿಂಹಂ, ಸಂಸ್ಕೃತ ವಿದ್ವಾಂಸರು, ಕೃತಿಗಳನ್ನು ರಚಿಸಿದ ವಾಗ್ಗೇಯಕಾರರು. ಎಚ್.ವೈ. ಎಂಬ ಇನಿಷಿಯಲ್ಲಿನಲ್ಲಿ ಊರೂ ಅಪ್ಪನೂ ಇಬ್ಬರೂ ಇದ್ದರು. ಹೊಳೆನರಸೀಪುರ ಅಂದರೆ ನಮ್ಮದೇ ಹಾಸನ ಜಿಲ್ಲೆ, ನಮ್ಮ ಪಕ್ಕದ ತಾಲ್ಲೂಕು!

ಮಗಳನ್ನು ಕೂಗಿ ಕರೆದೆ. ಅವಳಿಗಾಗ ಹದಿನಾಲ್ಕು. ‘ಡೆಸರ್ಟ್ ರೇನ್’ ಹಾಕಿ ಕೇಳಿಸಿದೆ. ‘ನೋಡು, ಇವರು ನಮ್ಮ ಕಡೆಯವರು. ಈ ಬೇಸಿನಲ್ಲಿ ಮೈಸೂರಿನ ಸಂಗೀತ ಇದೆ’ ಎಂದೆ.

ಅವಳು ಸ್ವಲ್ಪ ಹೊತ್ತು ಕೇಳಿ, ಎಂದಿನಂತೆ ಹಿಂದಿಯಲ್ಲೇ ಅಂದಳು: ‘ಅಪ್ಪಾ, ಇದು ಗೊತ್ತಾಗೋ ಮೊದಲೂ ನಿಂಗೆ ಇಷ್ಟ ಆಗಿತ್ತಲ್ವಾ? ಆಗ ಮೈಸೂರು ಕೇಳಿಸಿತ್ತಾ?’

ಕೇಳಿಸಿರಲಿಲ್ಲ. ನಿಜ ಹೇಳಬೇಕೆಂದರೆ ಈಗಲೂ ಕೇಳಿಸುವುದಿಲ್ಲ. ರಾಹುಲ್ ರಾಮ್ ಐಐಟಿ ಕಾನ್ಪುರದಲ್ಲಿ ಓದಿ, ಅಮೆರಿಕದ ಕಾರ್ನೆಲ್‌ನಲ್ಲಿ ಪಿಎಚ್.ಡಿ. ಮಾಡಿ, ನರ್ಮದಾ ಆಂದೋಲನದಲ್ಲಿ ದುಡಿದು ಬಂದವರು. ಬ್ಯಾಂಡಿನ ಮುಂದಿನ ಆಲ್ಬಮ್ ‘ಕಂದೀಸಾ’ದಲ್ಲಿ ಆ ಕಣಿವೆಯ ಹಾಡೂ ಇದೆ. ಅವರ ಬೆರಳಿನಲ್ಲಿ ಎಷ್ಟೋ ಊರುಗಳಿರಬಹುದು. ಅದರಲ್ಲಿ ನನ್ನ ಜಿಲ್ಲೆಯನ್ನು ಹುಡುಕಿ ಮುದ್ರೆ ಒತ್ತಲು ಹೊರಟವನು ನಾನು.

ಯಾಕೆ ಹೊರಟೆ ಎಂದು ಆ ರಾತ್ರಿ ಯೋಚಿಸಿದೆ. ಕನ್ನಡ ಹೇಗೋ ರಕ್ತದಲ್ಲಿ ಉಳಿದುಕೊಳ್ಳುತ್ತದೆ, ಎರಡು ತಲೆಮಾರು ದಾಟಿಯಾದರೂ ಯಾವುದಾದರೂ ತಂತಿಯಲ್ಲಿ ಹೊರಬರುತ್ತದೆ ಎಂಬ ಸಾಕ್ಷಿ ನನಗೆ ಬೇಕಿತ್ತು. ಏಕೆಂದರೆ ಮಗಳಿಗೆ ನಾನು ಕನ್ನಡ ಕೊಟ್ಟಿರಲಿಲ್ಲ. ದೆಹಲಿ ಕಿತ್ತುಕೊಂಡಿತು ಎಂದು ಎಲ್ಲರಿಗೂ ಹೇಳುತ್ತಿದ್ದೆ. ಅದು ಸುಳ್ಳು. ಅವಳು ಮಗುವಾಗಿದ್ದಾಗ ನಾನೇ ಬೇಕೆಂದು ಹಿಂದಿಯಲ್ಲಿ ಮಾತಾಡಿಸಿದ್ದೆ. ಬಸ್ಸು ಗಂಡೋ ಹೆಣ್ಣೋ ಎಂದು ಅವಳು ಎಲ್ಲೂ ತಡವರಿಸಬಾರದಿತ್ತು. ಅವಳು ತಡವರಿಸಲಿಲ್ಲ. ನನ್ನ ಅಮ್ಮನ ಜೊತೆ ಫೋನಿನಲ್ಲಿ ಮಾತ್ರ ‘ಚೆನ್ನಾಗಿದೀನಿ ಅಜ್ಜಿ’ ಎಂದು ಹೇಳಿ ಸುಮ್ಮನಾಗುತ್ತಾಳೆ. ಆ ಕಡೆ ಅಮ್ಮನೂ ಸುಮ್ಮನಾಗುತ್ತಾಳೆ. ಅವರಿಬ್ಬರ ಆ ಮೌನಕ್ಕೆ ಆಲಾಪದ ಸುಖವಿಲ್ಲ.

ಮಾರನೆಯ ದಿನದಿಂದ ಮನೆಯಲ್ಲಿ ಕನ್ನಡ ಶುರು ಮಾಡಿದೆ. ಮಗಳು ಹಿಂದಿಯಲ್ಲೇ ಉತ್ತರಿಸಿದಳು. ಬಿಡಲಿಲ್ಲ.

ಕೆಲವು ವಾರಗಳ ಮೇಲೆ ನಾಟಕ ನೋಡಲು ಇಬ್ಬರೂ ನೋಯ್ಡಾದಿಂದ ಮಂಡಿ ಹೌಸ್‌ಗೆ ಮೆಟ್ರೋದಲ್ಲಿ ಹೊರಟಿದ್ದೆವು. ಇಯರ್‌ಫೋನಿನ ಒಂದು ತುದಿ ಅವಳ ಕಿವಿಯಲ್ಲಿ, ಇನ್ನೊಂದು ನನ್ನ ಕಿವಿಯಲ್ಲಿ. ಅವಳೇ ಹಾಕಿದ್ದ ‘ಡೆಸರ್ಟ್ ರೇನ್’. ರೈಲು ಯಮುನೆಯ ಮೇಲೆ ಬಂತು. ಕೆಳಗೆ ಕಪ್ಪು ನೀರು, ಬಿಳಿ ನೊರೆ.

‘ಹೊಳೆನರಸೀಪುರ ಅಂದ್ಯಲ್ಲ,’ ಕನ್ನಡದಲ್ಲಿ, ನಿಧಾನವಾಗಿ, ಪದ ಪದ ಹುಡುಕಿಕೊಂಡು ಕೇಳಿದಳು, ‘ಹೊಳೆ ಅಂದ್ರೆ ನದಿನಾ?’

‘ಹೂಂ, ನದಿ. ಅಲ್ಲಿರೋದು ಹೇಮಾವತಿ.’

‘ಹಂಗಾದ್ರೆ ಇದೂ ಹೊಳೆ?’

ಹೌದು ಎಂದೆ. ಇಷ್ಟು ವರ್ಷ ದಿನಾ ದಾಟುತ್ತಿದ್ದರೂ ಅದನ್ನು ಹಾಗೆ ಕರೆದಿರಲಿಲ್ಲ.