ತಿಜೋರಿಯಲ್ಲಿ ಮಲಗಿದ ಚಾಕು

ಅರ್ಥಶಾಸ್ತ್ರದ ಜನಕನೆಂದು ಪ್ರಸಿದ್ಧನಾದ ಸ್ಕಾಟ್ಲೆಂಡಿನ ಆಡಂ ಸ್ಮಿತ್, ರಾಷ್ಟ್ರಗಳ ಸಂಪತ್ತನ್ನು ಕುರಿತ ತನ್ನ ಮಹಾಗ್ರಂಥವನ್ನು ಬರೆಯುವುದಕ್ಕೆ ಬಹಳ ಮುಂಚೆ, 1759ರಲ್ಲಿ, ಮನುಷ್ಯನ ನೈತಿಕ ಭಾವನೆಗಳನ್ನು ಕುರಿತು ಒಂದು ಪುಸ್ತಕವನ್ನು ಪ್ರಕಟಿಸಿದನು. ಅದರಲ್ಲಿ ಗಡಿಯಾರದ ಹುಚ್ಚು ಹಿಡಿದ ಮನುಷ್ಯನೊಬ್ಬನ ಪ್ರಸಂಗ ಬರುತ್ತದೆ. ದಿನಕ್ಕೆ ಎರಡು ನಿಮಿಷಕ್ಕಿಂತ ಹೆಚ್ಚು ಹಿಂದೆ ಬೀಳುವ ತನ್ನ ಗಡಿಯಾರವನ್ನು ಕಂಡರಾಗದೆ ಆತ ಅದನ್ನು ಒಂದೆರಡು ಗಿನಿಗೆ ಮಾರಿಬಿಡುತ್ತಾನೆ. ಹದಿನೈದು ದಿನಕ್ಕೆ ಒಂದು ನಿಮಿಷಕ್ಕಿಂತ ಹೆಚ್ಚು ತಪ್ಪದ ಇನ್ನೊಂದನ್ನು ಐವತ್ತು ಗಿನಿ ಸುರಿದು ಕೊಳ್ಳುತ್ತಾನೆ. ಗಡಿಯಾರ ಇರುವುದು ಹೊತ್ತು ಗೊತ್ತಾಗಲೆಂದು. ಆದರೆ ಅಷ್ಟು ಕರಾರುವಾಕ್ಕಾದ ಗಡಿಯಾರವನ್ನು ಕೊಂಡವನು ಹೇಳಿದ ಹೊತ್ತಿಗೆ ಬರುವುದರಲ್ಲಿ ಉಳಿದವರಿಗಿಂತ ಮೇಲೇನೂ ಆಗಿರುವುದಿಲ್ಲ ಎಂಬುದು ಸ್ಮಿತ್‌ನ ಕಣ್ಣಿಗೆ ಬಿದ್ದ ಸಂಗತಿ. ಸಣ್ಣಪುಟ್ಟ ಸಲಕರಣೆಗಳಿಂದ ಜೇಬು ತುಂಬಿಸಿಕೊಂಡು, ಇರುವ ಜೇಬುಗಳು ಸಾಲದೆ ಉಡುಪಿಗೆ ಹೊಸ ಜೇಬುಗಳನ್ನು ಹೂಡಿಕೊಳ್ಳುವವರ ಚಿತ್ರವೂ ಅಲ್ಲಿಯೇ ಇದೆ.

ಆತ ಇಂದು ಬದುಕಿದ್ದು, ಅಮೆರಿಕದ ಅಟ್ಲಾಂಟಾ ನಗರದಲ್ಲಿ ಪ್ರತಿವರ್ಷ ನಡೆಯುವ ಚಾಕುಗಳ ಜಾತ್ರೆಯಲ್ಲಿ ಒಂದು ಸುತ್ತು ಹಾಕಿದ್ದರೆ, ಗಡಿಯಾರದ ಮಾತನ್ನು ಬಿಟ್ಟು ಚಾಕುವಿನ ಮಾತನ್ನೇ ಆಡುತ್ತಿದ್ದನೇನೋ. ಚಾಕುಗಳಿಗೂ ಒಂದು ಜಾತ್ರೆಯೇ ಎಂದು ಓದುಗರು ಹುಬ್ಬೇರಿಸಬಹುದು. ಕನ್ನಡನಾಡಿನಲ್ಲಿ ಚಾಕು ಎಂದರೆ ಅಡುಗೆಮನೆಯ ಸಾಧನ, ತಪ್ಪಿದರೆ ಪತ್ರಿಕೆಗಳ ಅಪರಾಧ ಸುದ್ದಿಯಲ್ಲಿ ಬರುವ ಆಯುಧ. ಅಮೆರಿಕದಲ್ಲಿ ಹಾಗಲ್ಲ. ಮಡಿಸಿ ಕಿಸೆಯಲ್ಲಿಟ್ಟುಕೊಳ್ಳುವ ಚಾಕು ಅಲ್ಲಿ ರೈತ, ಬಡಗಿ, ಬೆಸ್ತರ ನಿತ್ಯದ ಸಂಗಾತಿಯಾಗಿ ಬಂದದ್ದು. ಹಗ್ಗ ಕತ್ತರಿಸುವುದಕ್ಕೆ, ಬುತ್ತಿಯ ಸೇಬು ಹೆಚ್ಚುವುದಕ್ಕೆ, ಮುಳ್ಳು ತೆಗೆಯುವುದಕ್ಕೆ ಅದೇ ಬೇಕು. ಎಷ್ಟೋ ಮನೆಗಳಲ್ಲಿ ತಂದೆ ನಂಬಿಕೆಯಿಟ್ಟು ಮಗನ ಕೈಗೆ ಕೊಡುತ್ತಿದ್ದ ಮೊದಲ ಸ್ವಂತ ವಸ್ತು ಅದೇ ಆಗಿತ್ತು. ಆ ಬದುಕು ಹಿಂದೆ ಸರಿದ ಮೇಲೂ ಚಾಕುವಿನ ಮೇಲಿನ ಅಕ್ಕರೆ ಮಾತ್ರ ಉಳಿದುಕೊಂಡಿದೆ, ಉಳಿದುಕೊಂಡು ಹವ್ಯಾಸವಾಗಿದೆ. ಕಚೇರಿಯಲ್ಲಿ ಕುಳಿತು ದುಡಿಯುವ ಪಟ್ಟಣಿಗನಿಗೆ ಚಾಕುವಿನಿಂದ ಆಗಬೇಕಾದ ದೊಡ್ಡ ಕೆಲಸವೆಂದರೆ ಮನೆಗೆ ಬಂದ ರಟ್ಟಿನ ಪೆಟ್ಟಿಗೆಯನ್ನು ಬಿಚ್ಚುವುದು. ಆ ಪೆಟ್ಟಿಗೆಯೊಳಗೆ ಇರುವುದು ಇನ್ನೊಂದು ಚಾಕು ಎಂಬುದು ಈ ಹವ್ಯಾಸಿಗಳು ತಮ್ಮ ಮೇಲೆ ತಾವೇ ಮಾಡಿಕೊಳ್ಳುವ ಹಾಸ್ಯ.

ಇವರಲ್ಲಿ ಮೆಚ್ಚತಕ್ಕ ಒಂದು ಗುಣವಿದೆ. ಕೊಂಡು ಪಶ್ಚಾತ್ತಾಪಪಟ್ಟ ಚಾಕು ಯಾವುದು ಎಂದು ಒಬ್ಬರು ಇನ್ನೊಬ್ಬರನ್ನು ಕೇಳುತ್ತಾರೆ, ಕೇಳಿಸಿಕೊಂಡವರು ಮುಚ್ಚುಮರೆಯಿಲ್ಲದೆ ಹೇಳುತ್ತಾರೆ. ಲೋಕದಲ್ಲಿ ಕೊಂಡ ವಸ್ತುವನ್ನು ಹೊಗಳಿಕೊಳ್ಳುವವರೇ ಹೆಚ್ಚು. ಕೊಂಡು ಕೆಟ್ಟೆನೆಂದು ನಾಲ್ಕು ಜನರ ಮುಂದೆ ನಗುತ್ತ ಹೇಳುವುದಕ್ಕೆ ಸ್ವಲ್ಪ ಎದೆಗಾರಿಕೆ ಬೇಕು.

ಅವರ ಉತ್ತರಗಳನ್ನು ಕೂಡಿಸಿ ನೋಡಿದರೆ ಚಾಕು ಮುರಿಯಿತು, ತುಂಡಾಯಿತು ಎಂಬ ದೂರು ವಿರಳ. ಚಿತ್ರದಲ್ಲಿ ಭವ್ಯವಾಗಿ ಕಂಡದ್ದು ಕೈಗೆ ಬಂದಾಗ ಬೆರಳಿನಷ್ಟಿತ್ತು. ಇಲ್ಲವೆ ಕಿಸೆಯಲ್ಲಿಟ್ಟರೆ ಷರಾಯಿಯೇ ಜಗ್ಗುವಷ್ಟು ಭಾರವಾಗಿತ್ತು. 1960ರ ದಶಕದಲ್ಲಿ ಅಮೆರಿಕದಲ್ಲಿ ಹುಟ್ಟಿ ಮನೆಮಾತಾದ ಬಕ್ 110 ಎಂಬ ಬೇಟೆಗಾರರ ಮಡಿಕೆ ಚಾಕು ಸುಮಾರು 200 ಗ್ರಾಂ ತೂಗುತ್ತದೆ. ಹಿತ್ತಾಳೆಯ ಕಟ್ಟು, ಮರದ ಹಿಡಿ, ನೋಡಲು ಅಂದವೇ ಅಂದ. ಸೊಂಟದ ಪಟ್ಟಿಗೆ ಒರೆ ಕಟ್ಟಿಕೊಂಡು ಕಾಡಿಗೆ ಹೋಗುವವನಿಗೆ ಅದು ಹೇಳಿ ಮಾಡಿಸಿದ್ದು. ತೆಳುವಾದ ಷರಾಯಿ ತೊಟ್ಟು ಕಚೇರಿಗೆ ಹೋಗುವವನು ಅದನ್ನು ಕೊಂಡು ಭಾರವೆಂದು ಗೊಣಗಿದರೆ ಚಾಕುವಿನ ದೋಷವೇನು? ಫ್ರಾನ್ಸಿನ ಸವಾಯ್ ಸೀಮೆಯಲ್ಲಿ 1890ರಲ್ಲಿ ಜೋಸೆಫ್ ಒಪಿನೆಲ್ ರೂಪಿಸಿದ ಮರದ ಹಿಡಿಯ ಸರಳ ಚಾಕುವಿನ ಕಥೆಯೂ ಅಂಥದೇ. ಒದ್ದೆಯಾದರೆ ಮರ ಉಬ್ಬಿ ಅಲಗು ಬಿಗಿದುಕೊಳ್ಳುತ್ತದೆ, ಉಗುರು ಹಾಕಿ ಎಳೆದರೂ ಬಾರದು. ಕೊಂಡವನು ಮೋಸ ಹೋದೆನೆಂದು ತಿಳಿಯುತ್ತಾನೆ. ಸವಾಯ್‌ನ ಹಳ್ಳಿಗರಿಗೆ ಇದು ಎಂದೋ ಗೊತ್ತು. ಅವರು ಹಿಡಿಯ ತುದಿಯನ್ನು ಮೇಜಿನ ಅಂಚಿಗೆ ಒಮ್ಮೆ ಕುಟ್ಟುತ್ತಾರೆ, ಅಲಗು ತಾನಾಗಿ ತಲೆಯೆತ್ತುತ್ತದೆ.

ಇನ್ನು ಕೆಲವು ಚಾಕುಗಳು ಯುದ್ಧಕ್ಕೆ ಹೊರಟಂತೆ ಸಿಂಗರಿಸಿಕೊಂಡು ಬರುತ್ತವೆ. ಕರಿಯ ಬಣ್ಣ, ನಾಲ್ಕೈದು ಮಿಲಿಮೀಟರ್ ದಪ್ಪದ ಅಲಗು, ಬಾಗಿಲನ್ನು ಮೀಟಿ ತೆಗೆಯುವ ಭರವಸೆ. ಮನೆಗೆ ತಂದು ಸೇಬಿನ ಮೇಲೆ ಇಟ್ಟರೆ ಅದು ಹೆಚ್ಚುವುದಿಲ್ಲ, ಕೊಡಲಿಯಂತೆ ಸೀಳುತ್ತದೆ. ಹಣ್ಣು ಚಟ್ಟನೆ ಒಡೆದು ಎರಡಾಗುತ್ತದೆ. ಬಾಗಿಲು ಮೀಟುವ ಪ್ರಸಂಗ ಕೊಂಡವನ ಆಯುಷ್ಯದಲ್ಲಿ ಒಮ್ಮೆಯೂ ಬರಲಿಕ್ಕಿಲ್ಲ. ಸೇಬು ಮಾತ್ರ ದಿನವೂ ಬರುತ್ತದೆ.

ಅತಿ ಹೆಚ್ಚು ಹಣ ಕಳೆಯುವುದು ಉಕ್ಕಿನ ಹೆಸರಿನಲ್ಲಿ. 2001ರಲ್ಲಿ ಅಮೆರಿಕದ ಕ್ರೂಸಿಬಲ್ ಕಂಪನಿಯು ಚಾಕುಗಳಿಗೆಂದೇ ಎಸ್30ವಿ ಎಂಬ ಉಕ್ಕನ್ನು ತಂದಿತು. 2021ರಲ್ಲಿ ಲೋಹವಿಜ್ಞಾನಿ ಲ್ಯಾರಿನ್ ಥಾಮಸ್ ರೂಪಿಸಿದ ಮ್ಯಾಗ್ನಾಕಟ್ ಬಂದಿತು. ನಡುವೆ ಇನ್ನೂ ಹತ್ತಾರು ಬಂದವು. ಹೊಸದು ಬಂದಾಗಲೆಲ್ಲ ಕೈಯಲ್ಲಿರುವುದು ಹಳತಾಯಿತೆಂಬ ಭ್ರಮೆ ಹುಟ್ಟುತ್ತದೆ. ವಾಸ್ತವವಾಗಿ ಚಾಕುವಿನ ಗುಣ ಉಕ್ಕಿನ ಹೆಸರಿನಿಂದ ಮಾತ್ರ ನಿರ್ಧಾರವಾಗುವುದಿಲ್ಲ. ಅದನ್ನು ಕಾಯಿಸಿ ತಣಿಸಿ ಹದಗೊಳಿಸಿದ ಬಗೆ, ಬಾಯಿಯ ಹಿಂದೆ ಅಲಗು ಎಷ್ಟು ತೆಳುವಾಗಿದೆ, ಯಾವ ಕೋನದಲ್ಲಿ ಸಾಣೆ ಹಿಡಿದಿದೆ ಎಂಬುದೂ ಅಷ್ಟೇ ಮುಖ್ಯ. ಸಾಧಾರಣ ಉಕ್ಕಿನ ತೆಳು ಅಲಗು ದುಬಾರಿ ಉಕ್ಕಿನ ದಪ್ಪ ಅಲಗಿಗಿಂತ ಹಗುರವಾಗಿ ಕತ್ತರಿಸುತ್ತದೆ. ಇದರಲ್ಲಿ ಒಂದು ವಿನೋದವೂ ಅಡಗಿದೆ. ಬಹುಕಾಲ ಹರಿತ ಉಳಿಯಲೆಂದು ಇಂಥ ಕೆಲವು ಉಕ್ಕುಗಳಲ್ಲಿ ವೆನೇಡಿಯಂ ಧಾತುವನ್ನು ಹೆಚ್ಚಾಗಿ ಬೆರೆಸುತ್ತಾರೆ. ಅದರ ಕಾರ್ಬೈಡ್ ಕಣಗಳು ಸಾಮಾನ್ಯ ಸಾಣೆಕಲ್ಲಿನ ಅಲ್ಯೂಮಿನಿಯಂ ಆಕ್ಸೈಡಿಗಿಂತ ಗಟ್ಟಿ. ಕಲ್ಲಿಗಿಂತ ಚಾಕುವೇ ಗಟ್ಟಿಯಾದರೆ ಸಾಣೆ ಹಿಡಿಯುವುದು ಹೇಗೆ? ವಜ್ರದ ಪುಡಿ ಕೂರಿಸಿದ ಫಲಕ ಬೇಕು, ಅದನ್ನು ಬಳಸುವ ಕೈಯೂ ಬೇಕು. ಎರಡೂ ಇಲ್ಲದವನ ಚಾಕು ಬಹಳ ದಿನ ಹರಿತವಾಗಿದ್ದು ಒಂದು ದಿನ ಮೊಂಡಾಗುತ್ತದೆ, ಅಂದಿನಿಂದ ಮೇಜಿನ ಖಾನೆ ಸೇರುತ್ತದೆ. ಆಗ ಆತ ಸಾಣೆ ಹಿಡಿಯುವುದನ್ನು ಕಲಿಯುವುದಿಲ್ಲ, ಇನ್ನೂ ಉತ್ತಮ ಉಕ್ಕಿನ ಮತ್ತೊಂದು ಚಾಕುವನ್ನು ಕೊಳ್ಳುತ್ತಾನೆ. ನೂರು ರೂಪಾಯಿಯ ಕಲ್ಲು, ನಾಲ್ಕು ಸಂಜೆಯ ಅಭ್ಯಾಸ ಇವುಗಳಿಂದ ತೀರಬಹುದಾಗಿದ್ದ ಅತೃಪ್ತಿ ಸಾವಿರಾರು ರೂಪಾಯಿಗಳನ್ನು ನುಂಗುತ್ತದೆ.

ಉಕ್ಕಿನ ಮಾತು ಬಂದುದರಿಂದ ಇಲ್ಲಿ ಕನ್ನಡಿಗರು ತಿಳಿಯಬೇಕಾದ ಒಂದು ಸಂಗತಿಯಿದೆ. ಅಲೆಅಲೆಯಾದ ಚಿತ್ತಾರವುಳ್ಳ "ಡಮಾಸ್ಕಸ್" ಚಾಕುಗಳು ಪಶ್ಚಾತ್ತಾಪದ ಪಟ್ಟಿಯಲ್ಲಿ ಮತ್ತೆ ಮತ್ತೆ ಬರುತ್ತವೆ. ಡಮಾಸ್ಕಸ್ ಖಡ್ಗಗಳೆಂದು ಹಿಂದೆ ಕೀರ್ತಿ ಪಡೆದಿದ್ದ ಆಯುಧಗಳ ಉಕ್ಕು ದಕ್ಷಿಣ ಭಾರತದಿಂದಲೂ ಹೋಗುತ್ತಿತ್ತು. ಯುರೋಪಿನವರು ಅದನ್ನು ವೂಟ್ಸ್ ಎಂದು ಕರೆದರು. ಅದು ಕನ್ನಡದ "ಉಕ್ಕು" ಶಬ್ದದ ಅಪಭ್ರಂಶವೆಂದು ಅನೇಕ ವಿದ್ವಾಂಸರ ಅಭಿಪ್ರಾಯ. 1800-01ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಇಲ್ಲಿನ ಕುಲುಮೆಗಳಲ್ಲಿ ಮಣ್ಣಿನ ಮೂಸೆಯಲ್ಲಿ ಉಕ್ಕು ತಯಾರಿಸುವುದನ್ನು ಬರೆದಿಟ್ಟಿದ್ದಾನೆ. ಆ ಉಕ್ಕಿನ ಚಿತ್ತಾರ ಒಳಗಿನಿಂದ ಮೂಡಿದ್ದು. ಅದಕ್ಕೆ ಅದಿರಿನಲ್ಲಿ ಲೇಶಮಾತ್ರವಿದ್ದ ವೆನೇಡಿಯಂನಂಥ ಧಾತುಗಳೇ ಕಾರಣವೆಂದು ಜಾನ್ ವರ್ಹೋವನ್ ಮತ್ತು ಕಮ್ಮಾರ ಆಲ್ಫ್ರೆಡ್ ಪೆಂಡ್ರೆ 1998ರ ಪ್ರಬಂಧದಲ್ಲಿ ತೋರಿಸಿದರು. ಇಂದು ಆ ಹೆಸರಿನಲ್ಲಿ ಮಾರಾಟವಾಗುವುದು ಬೇರೆಯೇ ವಸ್ತು. ಎರಡು ಬಗೆಯ ಉಕ್ಕನ್ನು ಪದರಪದರವಾಗಿ ಬೆಸೆದು ಆಮ್ಲದಲ್ಲಿ ಅದ್ದಿ ರೇಖೆಗಳನ್ನು ಎಬ್ಬಿಸಿದ್ದು. ಬಲ್ಲ ಕಮ್ಮಾರನ ಕೈಯಲ್ಲಿ ಅದೂ ಉತ್ತಮ ಕಲೆಯೇ. ಆದರೆ ಅಗ್ಗದ ಮಾಲಿನಲ್ಲಿ ಯಾವ ಉಕ್ಕಿದೆ, ಎಷ್ಟು ಹದವಾಗಿದೆ ಎಂದು ಮಾರುವವನು ಹೇಳುವುದಿಲ್ಲ, ಕೊಳ್ಳುವವನು ಕೇಳುವುದಿಲ್ಲ. ಚಿತ್ತಾರಕ್ಕೆ ಹಣ ಕೊಟ್ಟವನಿಗೆ ಚಿತ್ತಾರ ದೊರೆಯುತ್ತದೆ, ಅಷ್ಟೆ.

ಸ್ವಿಟ್ಜರ್ಲೆಂಡಿನ ಸೈನಿಕರಿಗೆ 1891ರಿಂದ ಹಂಚಿದ ಚಾಕುವಿನಲ್ಲಿ ಇದ್ದದ್ದು ನಾಲ್ಕೇ ಸಾಧನ: ಒಂದು ಅಲಗು, ಒಂದು ದಬ್ಬಳ, ಡಬ್ಬಿ ತೆರೆಯುವ ಕೊಕ್ಕೆ, ತಿರುಪುಳಿ. ಸೈನಿಕ ಡಬ್ಬಿಯಲ್ಲಿಟ್ಟ ಆಹಾರವನ್ನು ಉಣ್ಣಬೇಕಿತ್ತು, ಹೊಸ ಬಂದೂಕನ್ನು ಬಿಚ್ಚಿ ಒರೆಸಬೇಕಿತ್ತು. ಅಗತ್ಯವೇ ಆ ಚಾಕುವನ್ನು ರೂಪಿಸಿತು. ಒಂದು ಶತಮಾನ ಕಳೆದ ಮೇಲೆ, 2006ರಲ್ಲಿ, ಅದೇ ದೇಶದ ವೆಂಗರ್ ಕಂಪನಿಯು ತನ್ನ ಚಾಕುಗಳ ಎಲ್ಲ ಉಪಕರಣಗಳನ್ನೂ ಒಂದರಲ್ಲೇ ಜೋಡಿಸಿ 87 ಉಪಕರಣಗಳ, 141 ಕೆಲಸಗಳ ಒಂದು ಮಹಾಚಾಕುವನ್ನು ಹೊರತಂದಿತು. ತೂಕ ಒಂದು ಕಿಲೋಗ್ರಾಮಿಗೂ ಹೆಚ್ಚು, ಬೆಲೆ ಸಾವಿರ ಡಾಲರಿಗೂ ಹೆಚ್ಚು. ಗಿನ್ನೆಸ್ ದಾಖಲೆಯೂ ಆಯಿತು. ಅದು ಯಾರ ಕಿಸೆಗೂ ಹಿಡಿಸದು. ತಮಾಷೆಗಾಗಿಯೇ ಮಾಡಿದ ವಸ್ತುವನ್ನು ತಪ್ಪೆನ್ನುವುದು ಸರಿಯಲ್ಲ, ಆದರೂ ಅದನ್ನು ನೋಡಿದಾಗ ಹೊಸ ಜೇಬು ಹೂಡಿಕೊಳ್ಳುವ ಸ್ಮಿತ್‌ನ ಜನ ನೆನಪಾಗದಿರರು.

ಕಿಸೆಗೆ ಹಿಡಿಸಿದರೂ ಕಾನೂನಿಗೆ ಹಿಡಿಸದೆ ಹೋಗಬಹುದು. ಇಂಗ್ಲೆಂಡಿನಲ್ಲಿ 1988ರ ಕಾನೂನಿನಂತೆ ಮೂರು ಅಂಗುಲಕ್ಕೆ ಮೀರದ ಬಾಯಿಯ ಮಡಿಸುವ ಚಾಕುವನ್ನು ಯಾರೂ ಕಾರಣ ಹೇಳದೆ ಇಟ್ಟುಕೊಳ್ಳಬಹುದು. ಆದರೆ ತೆರೆದಾಗ ಬೀಗದಂತೆ ಕಚ್ಚಿಕೊಳ್ಳುವ ಚಾಕು ಈ ವಿನಾಯಿತಿಗೆ ಸೇರದೆಂದು ನ್ಯಾಯಾಲಯ ಆಮೇಲೆ ತೀರ್ಪು ಕೊಟ್ಟಿತು. ಜರ್ಮನಿಯಲ್ಲಿ 2008ರಿಂದ ಒಂದೇ ಕೈಯಲ್ಲಿ ತೆರೆದು ಕಚ್ಚಿಕೊಳ್ಳುವ ಚಾಕುವನ್ನು ಸಕಾರಣವಿಲ್ಲದೆ ಒಯ್ಯುವಂತಿಲ್ಲ. ಅಮೆರಿಕದ ಹೊಗಳಿಕೆಯನ್ನು ಓದಿ ತರಿಸಿಕೊಂಡ ಆ ದೇಶಗಳ ಹವ್ಯಾಸಿಗಳು ತಮ್ಮ ಚಾಕುವನ್ನು ಮನೆಯೊಳಗೆ ತೆರೆದು ಮುಚ್ಚಿ ಸಮಾಧಾನಪಡುತ್ತಾರೆ.

ಇವೆಲ್ಲಕ್ಕಿಂತ ವಿಚಿತ್ರವಾದ ಪಶ್ಚಾತ್ತಾಪ ಇನ್ನೊಂದಿದೆ: ಯಾವ ಕೊರತೆಯೂ ಇಲ್ಲದ ಚಾಕುವಿನದು. ದಕ್ಷಿಣ ಆಫ್ರಿಕದಿಂದ ಅಮೆರಿಕಕ್ಕೆ ಬಂದು ನೆಲೆಸಿದ ಕ್ರಿಸ್ ರೀವ್ ಎಂಬ ಕುಶಲಕರ್ಮಿ 1980ರ ದಶಕದ ಕೊನೆಯ ಹೊತ್ತಿಗೆ ಟೈಟೇನಿಯಂ ಹಿಡಿಯ ಒಂದು ಚಾಕುವನ್ನು ರೂಪಿಸಿದರು. ಹಿಡಿಯ ಒಂದು ಭಾಗವೇ ಸ್ಪ್ರಿಂಗಿನಂತೆ ಬಾಗಿ ಅಲಗನ್ನು ಬಿಗಿಹಿಡಿಯುತ್ತದೆ. ಅದರ ನಿಖರತೆಯನ್ನು ಬಲ್ಲವರೆಲ್ಲ ಕೊಂಡಾಡುತ್ತಾರೆ. ಬೆಲೆ ಈಗ ನಾನೂರು ಡಾಲರಿನ ಆಸುಪಾಸಿನಿಂದ ಆರಂಭವಾಗಿ ಮೇಲಕ್ಕೆ ಹೋಗುತ್ತದೆ. ಅದರ ಹೆಸರು ಸೆಬೆಂಜಾ. ಜುಲು ಭಾಷೆಯಲ್ಲಿ ಈ ಶಬ್ದಕ್ಕೆ ದುಡಿ, ಕೆಲಸ ಮಾಡು ಎಂದರ್ಥ. ಕನ್ನಡದಲ್ಲಿ ಆ ಚಾಕುವಿಗೆ ನಾಮಕರಣ ಮಾಡುವ ಪ್ರಸಂಗ ಬಂದರೆ "ಕಾಯಕ" ಎಂದೇ ಇಡಬೇಕಾದೀತು.

ಹೀಗೆ ಕಾಯಕದ ಹೆಸರು ಹೊತ್ತ ಎಷ್ಟೋ ಚಾಕುಗಳು ಮೆತ್ತನೆಯ ಬಟ್ಟೆಯಲ್ಲಿ ಸುತ್ತಿಕೊಂಡು ತಿಜೋರಿಯಲ್ಲಿ ಮಲಗಿವೆ. ಹವ್ಯಾಸಿಗಳ ಆಡುಮಾತಿನಲ್ಲಿ ಇವು "ತಿಜೋರಿಯ ರಾಣಿಯರು". ಬಳಸಿದರೆ ಗೀರು ಬೀಳುತ್ತದೆ, ಗೀರು ಬಿದ್ದರೆ ಮರುಮಾರಾಟದ ಬೆಲೆ ಕುಸಿಯುತ್ತದೆ. ಆದ್ದರಿಂದ ಪೆಟ್ಟಿಗೆ ಬಿಚ್ಚುವುದಕ್ಕೆ ಅಂಗಡಿಯ ಹತ್ತು ಡಾಲರಿನ ಚಾಕು, ನೋಡಿ ಒರೆಸಿ ಮತ್ತೆ ಒಳಗಿಡುವುದಕ್ಕೆ ನಾನೂರು ಡಾಲರಿನದು. ಒಡೆಯನು ವಸ್ತುವನ್ನು ಕಾಯುತ್ತಾನೋ, ವಸ್ತುವು ಒಡೆಯನನ್ನು ಕಟ್ಟಿಹಾಕಿದೆಯೋ ಹೇಳುವುದು ಕಷ್ಟ.

ಕಾರ್ನೆಲ್ ವಿಶ್ವವಿದ್ಯಾಲಯದ ಎಮಿಲಿ ರೋಸೆನ್‌ಜ್ವೈಗ್ ಮತ್ತು ಥಾಮಸ್ ಗಿಲೊವಿಚ್ ಎಂಬ ಮನಶ್ಶಾಸ್ತ್ರಜ್ಞರು 2012ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ವಸ್ತುಗಳ ವಿಷಯದಲ್ಲಿ ಜನರು ಹೆಚ್ಚಾಗಿ ಕೊಂಡದ್ದಕ್ಕಾಗಿ ಪರಿತಪಿಸುತ್ತಾರೆ. ಪ್ರವಾಸ, ಸಂಗೀತದಂಥ ಅನುಭವಗಳ ವಿಷಯದಲ್ಲಿ ಕಳೆದುಕೊಂಡ ಅವಕಾಶಕ್ಕಾಗಿ ಪರಿತಪಿಸುತ್ತಾರೆ. ಒಂದು ವಸ್ತುವನ್ನು ಇನ್ನೊಂದರ ಪಕ್ಕದಲ್ಲಿಟ್ಟು ಹೋಲಿಸುವುದು ಸುಲಭ, ಅನುಭವವನ್ನು ಹಾಗೆ ಹೋಲಿಸಲಾಗದು. ಚಾಕುವಿನ ಹವ್ಯಾಸಿಯ ಬಾಳೆಲ್ಲ ಹೋಲಿಕೆಯೇ ಆದ್ದರಿಂದ ಅವನಿಗೆ ಈ ತಾಪ ತಪ್ಪಿದ್ದಲ್ಲ.

ಇವರ ನಡುವೆ ಬಹಳ ಚಲಾವಣೆಯಲ್ಲಿರುವ ಒಂದು ನಗೆಮಾತಿದೆ. ತಾನು ಸತ್ತ ಮೇಲೆ ಹೆಂಡತಿ ತನ್ನ ಚಾಕುಗಳನ್ನು, ತಾನು ಅವಳಿಗೆ ಹೇಳಿದ ಬೆಲೆಗೇ ಮಾರಿಬಿಡದಿದ್ದರೆ ಸಾಕು ಎಂದು. ಕೇಳಿದವರೆಲ್ಲ ನಗುತ್ತಾರೆ. ಆದರೆ ನಗೆಯ ಹಿಂದಿರುವುದು ನಗೆಯಲ್ಲ. ಸಂಸಾರದಲ್ಲಿ ಮುಚ್ಚಿಟ್ಟ ಲೆಕ್ಕ, ತಿಂಗಳು ತಿಂಗಳು ಬೆಳೆಯುವ ಕ್ರೆಡಿಟ್ ಕಾರ್ಡಿನ ಸಾಲ, ಹೆಂಡತಿ ಮನೆಯಲ್ಲಿಲ್ಲದ ಹೊತ್ತಿಗೆ ಬರುವಂತೆ ಏರ್ಪಡಿಸಿದ ಪೆಟ್ಟಿಗೆ. ಚಾಕು ಇಷ್ಟವಾಗಲಿಲ್ಲವೆಂಬುದು ಸಣ್ಣ ನಷ್ಟ, ಅರ್ಧ ಬೆಲೆಗೆ ಮಾರಿದರೆ ಮುಗಿಯಿತು. ಅದಕ್ಕಾಗಿ ಆಡಿದ ಸುಳ್ಳನ್ನು ಅರ್ಧ ಬೆಲೆಗೂ ಕೊಳ್ಳುವವರಿಲ್ಲ. ಹವ್ಯಾಸಿಗಳಲ್ಲಿ ಕೆಲವರು ಇದನ್ನು ಮನಗಂಡು, ಒಂದನ್ನು ಮಾರದೆ ಇನ್ನೊಂದನ್ನು ಕೊಳ್ಳುವುದಿಲ್ಲವೆಂಬ ನಿಯಮ ಮಾಡಿಕೊಳ್ಳುತ್ತಾರೆ, ಕೊಂಡದ್ದನ್ನು ಮನೆಯವರಿಗೆ ತೋರಿಸಿಯೇ ಕಿಸೆಗೆ ಹಾಕುತ್ತಾರೆ.

ಮಾರಲು ಮನಸ್ಸಾಗದ ಚಾಕುಗಳು ಕೊನೆಗೆ ಅಳಿಯನಿಗೋ, ನೆರೆಮನೆಯ ಹುಡುಗನಿಗೋ, ತೋಟದ ಕೆಲಸದವನಿಗೋ ಸೇರುವುದುಂಟು. ದಪ್ಪವೆಂದು ಬಿಟ್ಟದ್ದು ತೋಟಗಾರನ ಕೈಯಲ್ಲಿ ಬೇರು ಕಡಿಯುತ್ತದೆ. ಭಾರವೆಂದು ಬಿಟ್ಟದ್ದು ಬೇಟೆಗಾರನ ಸೊಂಟ ಸೇರುತ್ತದೆ. ಇಂಗ್ಲೆಂಡ್, ಅಮೆರಿಕಗಳಲ್ಲಿ ಚಾಕುವನ್ನು ಪುಕ್ಕಟೆಯಾಗಿ ಕೊಟ್ಟರೆ ಸ್ನೇಹ ಕತ್ತರಿಸಿಹೋಗುತ್ತದೆಂಬ ಹಳೆಯ ನಂಬಿಕೆಯಿದೆ. ಆದ್ದರಿಂದ ಪಡೆದವನು ಕೊಟ್ಟವನ ಅಂಗೈಗೆ ಒಂದು ಸಣ್ಣ ನಾಣ್ಯವನ್ನು ಹಾಕುತ್ತಾನೆ. ಇನ್ನೂರು ಡಾಲರು ಕೊಟ್ಟು ತಂದದ್ದು ಹೀಗೆ ಒಂದು ಸೆಂಟಿಗೆ ಕೈ ಬದಲಾಗುತ್ತದೆ, ಮರುದಿನ ಬೆಳಿಗ್ಗೆ ಹುಡುಗ ಅದರಿಂದ ಕೋಲು ಕೆತ್ತುತ್ತಿರುತ್ತಾನೆ.