ಪಡಸಾಲೆಯ ಗೂಡು ಮತ್ತು ದಯೆಯ ವೇಳೆ



ಶರಣರು ದಯೆಯನ್ನು ನುಡಿಯಲ್ಲಿ ಅಳೆಯಲಿಲ್ಲ, ನಡೆಯಲ್ಲಿ ಅಳೆದರು. ಆ ನಡೆಯ ಪರೀಕ್ಷೆಗೆ ದೂರದ ಅರಣ್ಯಕ್ಕೆ ಹೋಗಬೇಕಾಗಿಲ್ಲ. ಮನೆಯ ಪಡಸಾಲೆಯೇ ಸಾಕು. ಯುಗಾದಿ ಸಮೀಪಿಸುತ್ತಿದ್ದಂತೆ ಸಿಂಧನೂರು, ಲಿಂಗಸುಗೂರು, ಮಸ್ಕಿ ಭಾಗದ ಮನೆಗಳಲ್ಲಿ ಗುಬ್ಬಿಯು ಗೋಡೆಯ ಪಟದ ಹಿಂದೆ, ಟ್ಯೂಬ್‌ಲೈಟಿನ ಮೇಲೆ, ಮೀಟರ್ ಪೆಟ್ಟಿಗೆಯ ಸಂದಿಯಲ್ಲಿ ಹುಲ್ಲುಕಡ್ಡಿ ತಂದು ಸೇರಿಸುತ್ತದೆ. ಪಾರಿವಾಳವು ಬಾಲ್ಕನಿಯ ಮೂಲೆಯನ್ನು ಹುಡುಕುತ್ತದೆ. ಮನೆಯವರಿಗೆ ಇದು ಕಸ. ಹಕ್ಕಿಗೆ ಇದು ಸಂಸಾರ.

ಹಿಂದಿನ ಮಣ್ಣಿನ ಮಾಳಿಗೆಯ ಮನೆಗಳಲ್ಲಿ ಈ ತಕರಾರು ಕಡಿಮೆ. ಜಂತಿಗಳ ನಡುವೆ, ಬೆಳಕಿಂಡಿಯ ಅಂಚಿನಲ್ಲಿ ಹಕ್ಕಿಗೂ ಒಂದಿಷ್ಟು ಎಡೆಯಿರುತ್ತಿತ್ತು. ದೀಪವಿಡುವ ಗೋಡೆಯ ಗೂಡಿಗೂ ಹಕ್ಕಿಯ ಗೂಡಿಗೂ ಕನ್ನಡದಲ್ಲಿ ಒಂದೇ ಹೆಸರಿರುವುದು ಅರ್ಥಪೂರ್ಣವಾಗಿದೆ. ಸಿಮೆಂಟಿನ ಮನೆಯಲ್ಲಿ ಆ ಎಡೆ ಇಲ್ಲವಾಯಿತು. ಹಕ್ಕಿ ಮಾತ್ರ ಬರುವುದನ್ನು ಬಿಡಲಿಲ್ಲ.

ಲಿಂಗಸುಗೂರಿನಲ್ಲಿ ಹೀಗೊಂದು ಮನೆಯಿದೆ ಎಂದು ಭಾವಿಸಬಹುದು. ಬಾಲ್ಕನಿಯಲ್ಲಿ ಪಾರಿವಾಳ ಎರಡು ಮೊಟ್ಟೆಯಿಟ್ಟಿದೆ. ಅದರ ಪಕ್ಕದ ಕೋಣೆಯಲ್ಲಿ ಉಬ್ಬಸದ ಅಜ್ಜ ಮಲಗುತ್ತಾರೆ. ಮಗ ಕಸಬರಿಗೆ ಹಿಡಿದು ನಿಂತಿದ್ದಾನೆ. "ತತ್ತಿ ಒಡೀಬ್ಯಾಡಪ್ಪಾ" ಎನ್ನುತ್ತಾರೆ ಅಜ್ಜಿ. ಇಬ್ಬರಲ್ಲಿ ದಯೆಯುಳ್ಳವರು ಯಾರು? ಮಗನ ಚಿಂತೆ ಸುಳ್ಳಲ್ಲ. ಪಾರಿವಾಳದ ಒಣಗಿದ ಹಿಕ್ಕೆಯ ಧೂಳು ಶ್ವಾಸಕೋಶಕ್ಕೆ ನಿಜವಾಗಿಯೂ ಹಾನಿಕರ. ಅಜ್ಜಿಯ ಮಾತೂ ಸುಳ್ಳಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಕಾಡುಹಕ್ಕಿಗಳ ಮೊಟ್ಟೆಗೆ ಹಾನಿ ಮಾಡುವುದನ್ನೂ ಗೂಡು ಕೆದಕುವುದನ್ನೂ 'ಬೇಟೆ' ಎಂಬ ಪದದ ಅರ್ಥದೊಳಗೇ ಸೇರಿಸಿದೆ.

ಇಲ್ಲಿ ದಾರಿ ತೋರಿಸುವುದು ಕಾಲದ ಅರಿವು. ಪಾರಿವಾಳದ ಮೊಟ್ಟೆ ಸುಮಾರು 18 ದಿನಗಳಲ್ಲಿ ಮರಿಯಾಗುತ್ತದೆ. ಮತ್ತೆ ನಾಲ್ಕೈದು ವಾರಗಳಲ್ಲಿ ಮರಿ ಹಾರುತ್ತದೆ. ಗುಬ್ಬಿಗಾದರೆ ಎರಡೂ ಸೇರಿ ಒಂದು ತಿಂಗಳು ಸಾಕು. ಅಷ್ಟು ದಿನ ಅಜ್ಜನ ಮಂಚವನ್ನು ಒಳಮನೆಗೆ ಸರಿಸಿ, ಬಾಲ್ಕನಿಯ ಬಾಗಿಲು ಮುಚ್ಚಬಹುದು. ಹಿಕ್ಕೆಯನ್ನು ಒಣಗಿದಂತೆಯೇ ಗುಡಿಸದೆ, ನೀರು ಚಿಮುಕಿಸಿ, ಮೂಗುಬಾಯಿಗೆ ಬಟ್ಟೆ ಕಟ್ಟಿಕೊಂಡು ತೆಗೆಯಬೇಕು. ಅಷ್ಟರಲ್ಲೂ ಅಜ್ಜನ ಉಸಿರಿಗೆ ಅಪಾಯವೆಂದು ವೈದ್ಯರು ಹೇಳಿದರೆ ಅರಣ್ಯ ಇಲಾಖೆಯ ಸಲಹೆ ಕೇಳಬೇಕು, ಅಜ್ಜನೂ ಜೀವವೇ.

ಮರಿ ಹಾರಿದ ದಿನವೇ ಆ ಜಾಗವನ್ನು ತೊಳೆದು ಮುಚ್ಚುವುದು ಮುಖ್ಯ. ತಡವಾದರೆ ಹಕ್ಕಿ ಮತ್ತೆ ಮೊಟ್ಟೆಯಿಡುತ್ತದೆ. ಪಾರಿವಾಳಕ್ಕೆ 5 ಸೆಂ.ಮೀ. ಕಣ್ಣಿನ ಬಲೆ ಸಾಕು, ಗುಬ್ಬಿಗೆ 2 ಸೆಂ.ಮೀ. ಬೇಕು. ಬಲೆಯನ್ನು ಬಿಗಿಯಾಗಿ ಕಟ್ಟಬೇಕು. ಸಡಿಲ ಬಲೆಯಲ್ಲಿ ಕಾಲು ಸಿಕ್ಕಿ ಹಕ್ಕಿ ಸಾಯುತ್ತದೆ. ಹಕ್ಕಿ ಕೂರುವ ಅಂಚಿನ ಮೇಲೆ ಹಲಗೆಯನ್ನು ಓರೆಯಾಗಿ ಕೂರಿಸಿದರೆ ಅದರ ಕಾಲು ನಿಲ್ಲದು. ಅಂಟು ಬಳಿಯುವುದು ಕ್ರೌರ್ಯ. ಗೂಡು ಇನ್ನೂ ನಾಲ್ಕು ಕಡ್ಡಿಯಾಗಿರುವಾಗಲೇ ದಿನವೂ ತೆಗೆದರೆ ಹಕ್ಕಿ ಬೇರೆಡೆ ನೋಡಿಕೊಳ್ಳುತ್ತದೆ. ಕೂಡಿಸುವ ಮೊದಲು ತಡೆದರೆ ಅದಕ್ಕೆ ನಷ್ಟ ಅಲ್ಪ. ಮೊಟ್ಟೆಯಿಟ್ಟ ಮೇಲೆ ತಡೆದರೆ ಸರ್ವನಾಶ. ಒಳಗೆ ಮರಿಯಿರುವಾಗ ಸಂದಿಗೆ ಸಿಮೆಂಟು ಮೆತ್ತಿದರೆ ಅದು ಜೀವಂತ ಸಮಾಧಿ.

ತಡೆದವರು ಎಡೆಯನ್ನೂ ಕೊಡಬೇಕು. ಸುಮಾರು 3 ಸೆಂ.ಮೀ. ತೂತಿನ ಮರದ ಪೆಟ್ಟಿಗೆಯನ್ನು ಫ್ಯಾನಿನಿಂದ ದೂರ, ಬೆಕ್ಕಿಗೆ ಎಟುಕದ ನೆರಳಿನಲ್ಲಿ ತೂಗಿದರೆ ಗುಬ್ಬಿ ಅಲ್ಲಿಗೆ ಬರಬಹುದು. ಮರಿಗಳಿಗೆ ಅದು ಹೆಚ್ಚಾಗಿ ಹುಳುಗಳನ್ನೇ ಉಣಿಸುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಲ್ಲಿ ಭತ್ತ ಬೆಳೆಯುವ ಸಿಂಧನೂರಿನ ರೈತರಿಗೆ ಇದು ಉಪಕಾರವೇ. ಗೂಡಿನಿಂದ ಬಿದ್ದ ಪುಕ್ಕವಿಲ್ಲದ ಮರಿಯನ್ನು ಮೆಲ್ಲಗೆ ಎತ್ತಿ ಗೂಡಿಗಿಡಬೇಕು. ಮನುಷ್ಯನ ಕೈ ಸೋಕಿದರೆ ತಾಯಿ ಬಿಡುತ್ತದೆಂಬ ನಂಬಿಕೆ ನಿಜವಲ್ಲ.

ಈ ವಿವೇಕ ಹೊಸದೇನಲ್ಲ. ಅಶೋಕನ ಹೆಸರನ್ನೇ ಹೇಳುವ ಶಾಸನ 1915ರಲ್ಲಿ ಮಸ್ಕಿಯ ಬಂಡೆಯ ಮೇಲೆ ದೊರೆಯಿತು. ಅದೇ ಅರಸನು ಪಟ್ಟವಾದ 26 ವರ್ಷಗಳ ಬಳಿಕ, ಉತ್ತರದಲ್ಲಿ ನಿಲ್ಲಿಸಿದ ಕಂಬಗಳ ಮೇಲೆ, ಕೊಲ್ಲಬಾರದ ಜೀವಿಗಳ ಪಟ್ಟಿಯನ್ನು ಕೆತ್ತಿಸಿದನು. ಗಿಳಿ, ಗೊರವಂಕ ಅದರಲ್ಲಿವೆ. ಗಬ್ಬವಾದ, ಹಾಲೂಡುವ ಆಡು-ಕುರಿಗಳನ್ನೂ ಆರು ತಿಂಗಳೊಳಗಿನ ಮರಿಗಳನ್ನೂ ಕೊಲ್ಲಕೂಡದೆಂದೂ ಅಲ್ಲಿದೆ. ತಾಯ್ತನದ ಕಾಲವನ್ನು ಬೇರೆಯಾಗಿ ಎಣಿಸಬೇಕೆಂಬುದೇ ಅದರ ಆಶಯ.

ಆದ್ದರಿಂದ ಸಂಕ್ರಾಂತಿ ಮುಗಿಯುತ್ತಲೇ ಮನೆಯ ಸಂದಿಗೊಂದಿಗಳನ್ನು ನೋಡಿ, ಖಾಲಿಯಿದ್ದರೆ ಮುಚ್ಚುವುದು ಗೃಹಸ್ಥನ ಕಾಯಕ. ಮುಚ್ಚುವುದು ತಡವಾಯಿತೆಂದರೆ ಕಾಯುವುದೂ ಕಾಯಕವೇ.