ಮೊದಲ ಕೀಲಿ ಯಾರ ಕೈಲಿ?

ನಮ್ಮ ಕಡಬದ ಹುಡುಗರು ವಿದ್ಯಾರ್ಥಿವೇತನದ ಅರ್ಜಿಗಳ ಲೆಕ್ಕ ಇಡೋಕೆ ಪ್ರೋಗ್ರಾಂ ಬರೆದಿದ್ದಾರೆ. ಅದರ ಕೋಡ್ ಇಡೋಕೆ ನಮ್ಮದೇ ಹಳೇ ಕಂಪ್ಯೂಟರಿಗೆ ಗಿಟೀ ಸರ್ವರ್ ಹಾಕಿದರು. ಅದರಲ್ಲಿ ಮೊದಲು ನೋಂದಾಯಿಸಿದವನೇ ಅಡ್ಮಿನ್ ಅಂತೆ! ಎದೆ ಧಸಕ್ ಅಂತು. ಕೆರೆ ಬಾವಿಗಳಿಗೂ ಹೀಗೇ ಅಲ್ವಾ ಯಜಮಾನರು ಹುಟ್ಟಿಕೊಂಡಿದ್ದು?

ನಾನು ಗುಮಾಸ್ತ. ಎಲ್ಲರೂ ನನ್ನ ಲಾಗಿನ್ ಬಳಸಿ, ತಪ್ಪಾದಾಗ ನನ್ನ ತಲೆಗೇ ಕಟ್ಟಿದ್ದನ್ನು ಉಂಡವನು.

ಅದಕ್ಕೇ ಹೇಳಿದೆ: ಬಯಲು ನೋಂದಣಿ ಮುಚ್ಚಿ. ಸ್ಕ್ರಿಪ್ಟೇ ಅಡ್ಮಿನ್ ಖಾತೆ ತೆರೆಯಲಿ, ಪಾಸ್‌ವರ್ಡ್ ತಾನೇ ಹುಟ್ಟಿಸಲಿ, ಮೊದಲ ಲಾಗಿನ್ನಿನಲ್ಲೇ ಬದಲಿಸೋ ಹಾಗೆ ಮಾಡಲಿ. ಯಾರೂ ಮುಂದೆ ಓಡೋದು ಬೇಡ. ಈಗ ಅಡ್ಮಿನ್‌ಗಳು ಇಬ್ಬರು, ಒಬ್ಬಳು ಹೆಣ್ಣುಮಗಳು. ಉಳಿದವರಿಗೆ ಅವರವರದೇ ಲಾಗಿನ್.

1927ರಲ್ಲಿ ಬಾಬಾಸಾಹೇಬರು ಮಹಾಡದ ಕೆರೆ ನೀರು ಮುಟ್ಟಿದ್ದು ಬಾಯಾರಿಕೆಗಲ್ಲ, ಹಕ್ಕಿಗೆ. ಕೀಲಿ ಯಾರ ಕೈಲಿದೆ ಅಂತ ಕೇಳೋದೂ ಅದೇ ಹಾದಿ.

ಜೈಭೀಮ್.